ಓಕ್ಯಾಮಲ್‌ನಿಂದ ರೀಸನ್‌ಗೆ, ರೀಸನ್‌ನಿಂದ ಓಕ್ಯಾಮಲ್‌ಗೆ: ರೆಫ್‌ಎಂಟಿ ಬಳಸಿದ ಅನುಭವ

ರೇಟಿಂಗ್: 5ಕ್ಕೆ 4

ಓಕ್ಯಾಮಲ್ ಮತ್ತು ರೀಸನ್ ಎಂಬ ಎರಡು ಪ್ರೋಗ್ರಾಮಿಂಗ್ ಭಾಷೆಗಳ ನಡುವೆ ಕೋಡ್ ಬದಲಿಸಲು ವರ್ಷಗಳಿಂದ ರೆಫ್‌ಎಂಟಿಯನ್ನೇ ಬಳಸುತ್ತಿದ್ದೇನೆ. ಕೋಡಿನ ಅರ್ಥ ಕೆಡುವುದಿಲ್ಲ ಎಂದು ನಾನು ನಂಬಿ ಬಿಟ್ಟುಬಿಡುವ ಪರಿವರ್ತಕ ಇದೊಂದೇ.

2016ರಲ್ಲಿ ಫೇಸ್‌ಬುಕ್‌ನಿಂದ ಬಂದ ರೀಸನ್‌ನಲ್ಲಿ ಬೇರೆಯಾಗಿರುವುದು ಸಿಂಟ್ಯಾಕ್ಸ್, ಅಂದರೆ ಕೋಡ್ ಬರೆಯುವ ವ್ಯಾಕರಣ ಮಾತ್ರ. ಟೈಪ್ ಚೆಕರ್, ಕಂಪೈಲರ್ ಎಲ್ಲ ಓಕ್ಯಾಮಲ್‌ನವೇ. ಹಾಗಾಗಿ ರೆಫ್‌ಎಂಟಿ ಪದ ಹುಡುಕಿ ಪದ ಹಾಕುವ ಕೆಲಸ ಮಾಡುವುದಿಲ್ಲ. ಫೈಲ್ ಓದಿ ಸಿಂಟ್ಯಾಕ್ಸ್ ಟ್ರೀ (ಕೋಡಿನ ರಚನೆ ತೋರುವ ಮರದಂಥ ನಕ್ಷೆ) ಕಟ್ಟಿ, ಅದನ್ನೇ ಇನ್ನೊಂದು ವ್ಯಾಕರಣದಲ್ಲಿ ಬರೆದು ಕೊಡುತ್ತದೆ.

ಇದರ ಬೆಲೆ ತಿಳಿಯುವುದು ಸಮತೆಯ ಚಿಹ್ನೆಗಳಲ್ಲಿ. ಓಕ್ಯಾಮಲ್‌ನ = ಎರಡು ಮೌಲ್ಯಗಳ ಒಳಗಿರುವುದನ್ನು ಹೋಲಿಸುತ್ತದೆ; == ಮೆಮೊರಿಯಲ್ಲಿ ಎರಡೂ ಒಂದೇ ವಸ್ತುವೇ ಎಂದು ನೋಡುತ್ತದೆ. ರೀಸನ್‌ನಲ್ಲಿ ಮೊದಲನೆಯದಕ್ಕೆ ==, ಎರಡನೆಯದಕ್ಕೆ ===. ಕೈಯಲ್ಲೇ ಬದಲಿಸುವಾಗ ಹಳೆಯ == ಹಾಗೇ ಉಳಿದರೆ ಕಂಪೈಲರ್ ಚಕಾರ ಎತ್ತುವುದಿಲ್ಲ, ಏಕೆಂದರೆ ಎರಡರ ಟೈಪೂ ಒಂದೇ. ಪ್ರೋಗ್ರಾಂ ಮಾತ್ರ ಬೇರೆ ಉತ್ತರ ಕೊಡತೊಡಗುತ್ತದೆ. ಇಂಥ ಬಗ್ ಹುಡುಕುವುದು ಎಷ್ಟು ಕಷ್ಟ ಎಂದು ಬಲ್ಲವರಿಗೆ ಈ ಒಂದು ಕಾರಣವೇ ಸಾಕು. ಸ್ಟ್ರಿಂಗ್ ಜೋಡಿಸುವ ^ ಚಿಹ್ನೆ ++ ಆಗುವುದು, ಮ್ಯಾಚ್ ಹೋಗಿ ಸ್ವಿಚ್ ಬರುವುದು, ಇವೆಲ್ಲ ಸಲೀಸು.

ಒಂದು ಅಂಕ ಕಳೆದದ್ದು ಕಾಮೆಂಟ್‌ಗಳಿಗಾಗಿ. ಸಾಮಾನ್ಯ ಕಾಮೆಂಟ್‌ಗಳು ಟ್ರೀಯೊಳಗೆ ಇರುವುದಿಲ್ಲ. ಅವು ಇದ್ದ ಜಾಗ ನೋಡಿಕೊಂಡು ಆಮೇಲೆ ಸೇರಿಸಬೇಕಾಗುತ್ತದೆ. ಮ್ಯಾಚ್‌ನ ಕವಲುಗಳ ನಡುವೆ ಬರೆದದ್ದು ಒಮ್ಮೊಮ್ಮೆ ಪಕ್ಕದ ಕವಲಿಗೆ ಜಾರುತ್ತದೆ. ಹೀಗೆ ಜಾಗ ತಪ್ಪಿದ ಕಾಮೆಂಟ್ ಮುಂದೆ ಓದುವವರ ದಾರಿ ತಪ್ಪಿಸುತ್ತದೆ. ಅದಕ್ಕಿಂತ ಅಲ್ಲಿ ಏನೂ ಇಲ್ಲದಿದ್ದರೇ ವಾಸಿ. ಆದ್ದರಿಂದ ಪರಿವರ್ತನೆಯ ನಂತರ ನಾನು ಡಿಫ್‌ನಲ್ಲಿ (ಹಳೆಯ, ಹೊಸ ಫೈಲ್‌ಗಳ ವ್ಯತ್ಯಾಸದ ಪಟ್ಟಿಯಲ್ಲಿ) ಕಾಮೆಂಟ್‌ಗಳನ್ನಷ್ಟೇ ಒಂದೊಂದಾಗಿ ಓದುತ್ತೇನೆ. ನೀವು ಜೋಪಾನವಾಗಿ ಜೋಡಿಸಿಟ್ಟ ಇಂಡೆಂಟೇಶನ್ ಕೂಡ ಉಳಿಯುವುದಿಲ್ಲ, ಆದರೆ ಅದಕ್ಕೆ ಕೊರಗಬೇಕಿಲ್ಲ.

ಲೆಕ್ಸರ್ ಮತ್ತು ಪಾರ್ಸರ್ ಜನರೇಟರ್‌ಗಳ ಫೈಲ್‌ಗಳನ್ನು ಇದು ಮುಟ್ಟುವುದಿಲ್ಲ. ಪ್ರಿಪ್ರೊಸೆಸರ್ ಸಾಲುಗಳಿರುವ (ಕಂಪೈಲ್‌ಗೆ ಮುಂಚೆ ಕೋಡ್ ಬದಲಿಸುವ ಸೂಚನೆಗಳಿರುವ) ಫೈಲ್ ಕೊಟ್ಟರೆ ಪಾರ್ಸ್ ಹಂತದಲ್ಲೇ ನಿಲ್ಲುತ್ತದೆ. 2020ರಲ್ಲಿ ಹೊಸ ಹೆಸರು, ಹೊಸ ಸಿಂಟ್ಯಾಕ್ಸ್‌ನೊಂದಿಗೆ ಬಂದ, ರೀಸನ್‌ಗೆ ನಂಟಿರುವ ರೀಸ್ಕ್ರಿಪ್ಟ್ ಭಾಷೆ ಬೇಕಾದವರಿಗೂ ಇದು ನೆರವಾಗದು. ಅದರ ದಾರಿಯೇ ಬೇರೆ.

ಹೊಸಬರಿಗೆ ನನ್ನ ಸಲಹೆ: ಇಡೀ ಪ್ರಾಜೆಕ್ಟನ್ನು ಒಂದೇ ಏಟಿಗೆ ಬದಲಿಸಬೇಡಿ. ಓಕ್ಯಾಮಲ್‌ನ ಬಿಲ್ಡ್ ಸಾಧನವಾದ ಡ್ಯೂನ್ ಎರಡೂ ಬಗೆಯ ಫೈಲ್‌ಗಳನ್ನು ಒಂದೇ ಲೈಬ್ರರಿಯಲ್ಲಿ ಒಟ್ಟಿಗೆ ಬಿಲ್ಡ್ ಮಾಡುತ್ತದೆ. ಯಾರೂ ಹೆಚ್ಚು ಕೈಹಾಕದ ಒಂದು ಮಾಡ್ಯೂಲ್ ಆರಿಸಿ, ಅದರ ಇಂಟರ್‌ಫೇಸ್ ಫೈಲನ್ನೂ ಜೊತೆಗೇ ಬದಲಿಸಿ, ಟೆಸ್ಟ್ ಓಡಿಸಿ, ಕಮಿಟ್ ಮಾಡಿ, ಆಮೇಲೆ ಮುಂದಿನದಕ್ಕೆ ಹೋಗಿ.