'1821ರ ಗ್ರೀಕ್ ಪಿಸ್ತೂಲು' ಅಂತ ತೋರಿಸಿದರೆ ಮೊದಲು ಬಿಲ್ ನೋಡಿ

ಹಳೇ ಬಂದೂಕು ಸಂಗ್ರಹಿಸುವವರು ಗ್ರೀಸ್‌ಗೆ ಹೋಗುವುದಿದ್ದರೆ ಇದನ್ನು ಓದಿಕೊಂಡು ಹೋಗಿ. ಅಥೆನ್ಸ್‌ನಲ್ಲಿ ಒಬ್ಬ ವ್ಯಾಪಾರಿ ನನಗೆ ಬೆಳ್ಳಿ ಹೊದಿಕೆಯ ಚಕಮಕಿ ಪಿಸ್ತೂಲು ಮಾರಿದ. ತುರ್ಕರ ವಿರುದ್ಧ 1821ರಲ್ಲಿ ಎದ್ದ ದಂಗೆಯಲ್ಲಿ ಬಳಸಿದ್ದು, ಯೋಆನಿನಾ ಅಕ್ಕಸಾಲಿಗರ ಕೈಕೆಲಸ ಅಂದ. ಆ ಊರಿನ ಬೆಳ್ಳಿ ಕೆಲಸಕ್ಕೆ ನಿಜಕ್ಕೂ ಹೆಸರಿದೆ.

ದುಡ್ಡು ತೆಗೆದುಕೊಂಡ ಮೇಲೆ ಬಿಲ್‌ನಲ್ಲಿ 'ಅಲಂಕಾರಿಕ ವಸ್ತು' ಅಂತ ಬರೆದ. ಏರ್‌ಪೋರ್ಟ್‌ನಲ್ಲಿ ಸುಮ್ನೆ ತಕರಾರು ಬೇಡ ಅಂದ. ನನಗೆ ಅಲ್ಲೇ ಅನುಮಾನ ಬಂತು. ಹಳೇ ಆಯುಧ ರಿಪೇರಿ ಮಾಡುವ ಒಬ್ಬರ ಬಳಿ ಒಯ್ದೆ.

ಅವರು ಚಾಪು, ಅಂದರೆ ಚಕಮಕಿ ಹೊಡೆದು ಕಿಡಿ ಹಾರಿಸುವ ಭಾಗ, ಬಿಚ್ಚಿ ತೋರಿಸಿದರು. ಮದ್ದಿನ ಬಟ್ಟಲಿನಿಂದ ನಳಿಗೆಗೆ ಕಿಡಿ ಹೋಗಬೇಕಾದ ತೂತನ್ನೇ ಕೊರೆದಿರಲಿಲ್ಲ! ಅಂದರೆ ಅದು ಹುಟ್ಟಿದಾಗಿನಿಂದ ಒಂದು ಗುಂಡೂ ಹಾರಿಸಿಲ್ಲ. ಚಾಪಿನ ತಟ್ಟೆಯ ಒಳಬದಿ ಮಷಿನ್‌ನಲ್ಲಿ ಉಜ್ಜಿದಷ್ಟು ನುಣುಪು. 'ಬೆಳ್ಳಿ'ಯ ಹೂಬಳ್ಳಿಯಲ್ಲಿ ಸೂಜಿಮೊನೆಯಷ್ಟು ಗುಳಿಗಳಿದ್ದವು. ತಗಡನ್ನು ಒಳಗಿನಿಂದ ಬಡಿದು ಎಬ್ಬಿಸಿದ ಕೆಲಸದಲ್ಲಿ ಹಾಗೆ ಬರುವುದಿಲ್ಲ, ಅಚ್ಚಿಗೆ ಎರಕ ಹೊಯ್ದರೆ ಬರುತ್ತದೆ. ತುಕ್ಕೂ ಎಲ್ಲ ಕಡೆ ಒಂದೇ ಸಮ, ಆಸಿಡ್ ಹಚ್ಚಿದ್ದು.

ಒಂದು ವಿಷಯ ಮಾತ್ರ ತಪ್ಪು ತಿಳಿಯಬೇಡಿ. ನಳಿಗೆಯ ಕೆಳಗಿನ ಗಜ (ಮದ್ದು-ಗುಂಡು ಒಳಗೆ ಜಡಿಯುವ ಕೋಲು) ಹೊರಗೆ ಬರದಿದ್ದರೆ ನಕಲಿ ಅಂತ ಅರ್ಥವಲ್ಲ. ಆ ಕಡೆಯ ಎಷ್ಟೋ ಅಸಲಿ ಪಿಸ್ತೂಲುಗಳಲ್ಲೂ ಅದು ಬರೀ ಅಲಂಕಾರ. ನಿಜವಾದ ಗಜವನ್ನು ಸೊಂಟಕ್ಕೆ ಬೇರೆಯಾಗಿ ಸಿಕ್ಕಿಸಿಕೊಳ್ಳುತ್ತಿದ್ದರು. ಎಷ್ಟು ಚೆಂದದ ಪದ್ಧತಿ ಅಲ್ವಾ?

ವಾಪಸ್ ಹೋದರೆ ವ್ಯಾಪಾರಿ ಬಿಲ್ಲನ್ನೇ ಮುಂದಿಟ್ಟ. ಬರೆದಿರುವುದು ಅಲಂಕಾರಿಕ ವಸ್ತು, ಕೊಟ್ಟಿರುವುದೂ ಅದೇ, ಇನ್ನೇನು ಅಂದ. ದುಡ್ಡು ಹೋಯಿತು. ಅಷ್ಟು ಹಣ ಕೂಡಿಸಲು ನಾನು ಪಟ್ಟ ಪಾಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಗ್ರೀಸ್‌ನ ಪುರಾತನ ವಸ್ತುಗಳ ಕಾನೂನು 1830ರವರೆಗಿನ ವಸ್ತುಗಳಿಗೆ ಬಿಗಿ ರಕ್ಷಣೆ ಕೊಡುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಅವು ದೇಶ ಬಿಡುವ ಹಾಗಿಲ್ಲ, ಆ ಅನುಮತಿ ಸಿಗುವುದೂ ಅಪರೂಪ. ಹಾಗಿದ್ದ ಮೇಲೆ '1821ರದ್ದು, ಆರಾಮಾಗಿ ತೆಗೆದುಕೊಂಡು ಹೋಗಿ' ಅನ್ನುವ ಮಾತಿನಲ್ಲಿ ಅರ್ಧವಾದರೂ ಸುಳ್ಳು. ಮಾಲು ಅಸಲಿಯಾಗಿದ್ದರೆ ಇನ್ನೂ ಕಷ್ಟ, ಏರ್‌ಪೋರ್ಟ್‌ನಲ್ಲಿ ಸಿಕ್ಕಿಬೀಳುವವರು ನೀವೇ.

ಅಂಗಡಿಗೆ ಹೋಗುವ ಮೊದಲು ಅಥೆನ್ಸ್‌ನ ಹಳೇ ಪಾರ್ಲಿಮೆಂಟ್ ಕಟ್ಟಡದಲ್ಲಿರುವ ರಾಷ್ಟ್ರೀಯ ಇತಿಹಾಸ ಮ್ಯೂಸಿಯಂಗೆ ಹೋಗಿ. ದಂಗೆಯ ಕಾಲದ ಅಸಲಿ ಆಯುಧಗಳು ಅಲ್ಲಿವೆ. ಕೆತ್ತನೆಯ ಉಬ್ಬುಗಳು ಎಲ್ಲೆಲ್ಲಿ ಸವೆದಿವೆ ಅಂತ ಗಾಜಿನ ಹತ್ತಿರ ನಿಂತು ನೋಡಿ. ಆಮೇಲೆ ಅಂಗಡಿಯಲ್ಲಿ ಚಾಪು ಬಿಚ್ಚಿ ತೋರಿಸಿ ಅನ್ನಿ. ಒಪ್ಪದಿದ್ದರೆ ಎದ್ದು ಬನ್ನಿ.