ಪಾಲಿಕೆ ಕೊಟ್ಟ ಖೋಲಿ: ಚಿಕ್ಕಮ್ಮನ ಬಾಡಿಗೆ ಮನೆಯ ಲೆಕ್ಕತಪಾಸಣೆ

ಮಳೆಗಾಲಕ್ಕೆ ಮೊದಲು ಅಪಾಯಕಾರಿ ಕಟ್ಟಡಗಳ ಪಟ್ಟಿ ಹೊರಬೀಳುವುದು ಮುಂಬೈಯಲ್ಲಿ ಮತ್ತು ಅದರ ಸುತ್ತಲಿನ ಊರುಗಳಲ್ಲಿ ವಾಸಿಸುವವರಿಗೆ ಹೊಸತೇನಲ್ಲ. ಆ ಪಟ್ಟಿಯಲ್ಲಿ ‘ಸಿ-1’ ಎಂಬ ಗುರುತು ಬಿದ್ದ ಕಟ್ಟಡವನ್ನು ಕೂಡಲೇ ಖಾಲಿ ಮಾಡಿಸಿ ಕೆಡವಬೇಕು. ನನ್ನ ಚಿಕ್ಕಮ್ಮ ಮೂವತ್ತೆರಡು ವರ್ಷ ಪಾಗಡಿಯ ಮೇಲೆ (ಒಮ್ಮೆಗೇ ದೊಡ್ಡ ಮೊತ್ತ ಕೊಟ್ಟು ಆಮೇಲೆ ಅಲ್ಪ ಬಾಡಿಗೆಗೆ ಇರುವ ಮುಂಬೈಯ ಹಳೆಯ ಪದ್ಧತಿ) ವಾಸವಾಗಿದ್ದ ಕಟ್ಟಡಕ್ಕೆ ಕಳೆದ ವರ್ಷ ಆ ಗುರುತು ಬಿತ್ತು. ಹದಿನೈದು ದಿನಗಳೊಳಗೆ ಆಕೆ ಪಾಲಿಕೆಯ ವಶದಲ್ಲಿರುವ ಒಂದು ಬಾಡಿಗೆ ಕಟ್ಟಡದ ಹದಿನಾಲ್ಕನೆಯ ಮಾಳಿಗೆಗೆ ಬಂದಿಳಿದಳು. ಮಹಾನಗರ ಪ್ರದೇಶದಲ್ಲಿ ಪಾಲಿಕೆಗಳು ಹಲವಿವೆ. ಇದು ಯಾವುದು ಎಂಬುದನ್ನು ನಾನು ಬರೆಯುವುದಿಲ್ಲ. ಹನ್ನೊಂದು ತಿಂಗಳಿಂದ ಪ್ರತಿ ಭಾನುವಾರ ಅಲ್ಲಿಗೆ ಹೋಗಿಬರುತ್ತಿರುವ ನಾನು ಆ ಮನೆಯನ್ನೂ ಅದರ ಹಿಂದಿರುವ ವ್ಯವಸ್ಥೆಯನ್ನೂ ಸೇರಿಸಿಯೇ ಇಲ್ಲಿ ವಿಮರ್ಶಿಸುತ್ತಿದ್ದೇನೆ.

ಮೊದಲು ಮನೆ. ಒಟ್ಟು ವಿಸ್ತೀರ್ಣ 160 ಚದರ ಅಡಿ. ದರ್ಜಿಯ ಟೇಪಿನಿಂದ ನಾನೇ ಅಳೆದಿದ್ದೇನೆ, ಮೋಸವಿಲ್ಲ. ಅಷ್ಟರೊಳಗೆ ಅಡುಗೆಯ ಕಟ್ಟೆ, ಮೋರಿ, ಶೌಚಾಲಯ ಎಲ್ಲವೂ ಸೇರಿವೆ. ಮಂಚ ಹಾಕಿದರೆ ಕಪಾಟಿನ ಒಂದು ಬಾಗಿಲು ಮಾತ್ರ ತೆರೆಯುತ್ತದೆ. ಆದ್ದರಿಂದ ಚಿಕ್ಕಮ್ಮನ ರೇಷ್ಮೆ ಸೀರೆಗಳು ಆ ಕಡೆಗೂ, ನಿತ್ಯದ ಸೀರೆಗಳು ಈ ಕಡೆಗೂ ಹೋಗಿವೆ. ಕುಂದಾಪುರದಿಂದ ಲಾರಿಯಲ್ಲಿ ತರಿಸಿದ್ದ ಒರಳುಕಲ್ಲಿಗೆ ಒಳಗೆ ಜಾಗವಾಗಲಿಲ್ಲ, ಅದು ಮೊಗಸಾಲೆಯಲ್ಲಿ ಚಪ್ಪಲಿಗಳ ಕಾವಲಿಗೆ ಕೂತಿದೆ. ಇಷ್ಟಾದರೂ ಹಳೆಯ ಮನೆಯಲ್ಲಿ ಇಲ್ಲದ ಎರಡು ಸುಖಗಳು ಇಲ್ಲಿವೆ: ಸ್ವಂತ ಶೌಚಾಲಯ ಮತ್ತು ಪಶ್ಚಿಮಕ್ಕೆ ತೆರೆಯುವ ಕಿಟಕಿ. ಬಾಡಿಗೆ ತಿಂಗಳಿಗೆ ಎರಡು ಸಾವಿರ ರೂಪಾಯಿ. ಡಿಪಾಸಿಟ್ ಇಲ್ಲ, ದಲ್ಲಾಳಿ ಇಲ್ಲ, ‘ನೀವು ಯಾವ ಜನ’ ಎಂಬ ಪ್ರಶ್ನೆಯೂ ಇಲ್ಲ. ಈ ಕೊನೆಯದು ಮುಂಬೈಯಲ್ಲಿ ಬಾಡಿಗೆ ಮನೆ ಹುಡುಕಿದ ಯಾರಿಗೂ ಸಣ್ಣ ವಿಷಯವಲ್ಲ. ಪಕ್ಕದ ಖೋಲಿಯಲ್ಲಿ ಜೇವರ್ಗಿ ಕಡೆಯ ಗಾರೆ ಕೆಲಸದ ಸಂಸಾರವಿದೆ. ಬೆಳಗಿನ ಜಾವ ಗೋಡೆಯಾಚೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿಸಿದಾಗ ಚಿಕ್ಕಮ್ಮ ಎದ್ದು ನೀರು ಹಿಡಿಯುತ್ತಾಳೆ, ಏಕೆಂದರೆ ನೀರು ಬರುವುದೂ ಅದೇ ಹೊತ್ತಿಗೆ, ಐದೂವರೆಯಿಂದ ಆರೂಕಾಲರವರೆಗೆ.

ಇಲ್ಲಿಂದ ಮುಂದೆ ದೂರುಗಳು. ಎರಡು ಲಿಫ್ಟುಗಳಲ್ಲಿ ಒಂದು ನಾವು ಬಂದ ದಿನದಿಂದಲೂ ನಿಂತೇ ಇದೆ. ಇನ್ನೊಂದು ಜುಲೈಯಲ್ಲಿ ಕೆಟ್ಟು, ಗಣಪತಿ ಹಬ್ಬ ಕಳೆದ ಮೇಲೆ ದುರಸ್ತಿಯಾಯಿತು. ಆ ಅವಧಿಯಲ್ಲಿ ಮಂಡಿನೋವಿನ ಚಿಕ್ಕಮ್ಮ ಕೆಳಗಿಳಿದದ್ದು ಎರಡೇ ಸಲ. ದೂರು ಹಿಡಿದು ವಾರ್ಡ್ ಕಚೇರಿಗೆ ಹೋದೆ. ಕಟ್ಟಡ ತಮ್ಮದಾದರೂ ದುರಸ್ತಿಯ ಹಣ ತಮ್ಮಲ್ಲಿಲ್ಲ ಎಂದು ಒಬ್ಬರು, ಕಟ್ಟಿದ ಬಿಲ್ಡರನನ್ನೇ ಕೇಳಿ ಎಂದು ಇನ್ನೊಬ್ಬರು, ಇದು ‘ಸಂಕ್ರಮಣ ಶಿಬಿರ’ (ಟ್ರಾನ್ಸಿಟ್ ಕ್ಯಾಂಪ್, ಅಂದರೆ ತಾತ್ಕಾಲಿಕ ವಸತಿ), ನೀವು ಇಲ್ಲಿ ಎಷ್ಟು ದಿನ ಇರುವವರು ಎಂದು ಮತ್ತೊಬ್ಬರು ಹೇಳಿದರು. ಮೂರನೆಯವರ ಮಾತೇ ನನ್ನ ಮನಸ್ಸಿನಲ್ಲಿ ಉಳಿಯಿತು.

ಅದೇಕೆ ಉಳಿಯಿತು ಎಂಬುದಕ್ಕೆ ನನ್ನ ನೌಕರಿಯ ವಿಷಯ ಹೇಳಬೇಕು. ನವಿ ಮುಂಬೈಯ ಐರೋಳಿಯಲ್ಲಿ ನಾನು ಮಾಡುವುದು ಅಮೆರಿಕದ ಬಾಡಿಗೆ ವಸತಿಗಳ ಕಡತ ತಪಾಸಣೆ. ಅಲ್ಲಿ 1986ರ ತೆರಿಗೆ ಸುಧಾರಣಾ ಕಾಯಿದೆಯಿಂದ ಬಂದ ಒಂದು ಏರ್ಪಾಡಿದೆ: ಕಡಿಮೆ ಆದಾಯದವರಿಗೆ ಬಾಡಿಗೆ ಮನೆ ಕಟ್ಟುವವರಿಗೆ ಸರಕಾರ ನಗದು ಕೊಡದೆ ಹತ್ತು ವರ್ಷಗಳ ಕಾಲ ತೆರಿಗೆಯಲ್ಲಿ ವಜಾ ಕೊಡುತ್ತದೆ, ಕಟ್ಟುವವರು ಅದನ್ನು ಹೂಡಿಕೆದಾರರಿಗೆ ಮಾರಿ ಬಂಡವಾಳ ಹೊಂದಿಸಿಕೊಳ್ಳುತ್ತಾರೆ. ಬಾಡಿಗೆ, ನಿಗದಿತ ಆದಾಯಮಿತಿಯ ಶೇಕಡಾ 30ನ್ನು ಮೀರುವಂತಿಲ್ಲ. ಮನೆಗೆ ಸೇರುವವರ ಸಂಬಳದ ಚೀಟಿ, ಬ್ಯಾಂಕಿನ ಲೆಕ್ಕ, ಮನೆಯವರೆಲ್ಲ ಪೂರ್ಣಾವಧಿ ವಿದ್ಯಾರ್ಥಿಗಳೇ ಎಂಬ ಪ್ರಶ್ನೆ, ಇವನ್ನೆಲ್ಲ ನಾನು ನೋಡಿ ಟಿಕ್ ಹಾಕುತ್ತೇನೆ. ಹದಿನೈದು ವರ್ಷ ಈ ಕಡತಗಳು ಸರಿಯಿರಬೇಕು, ಇಲ್ಲವಾದರೆ ಪಡೆದ ವಜಾದಲ್ಲಿ ಒಂದು ಪಾಲನ್ನು ಹಿಂದಿರುಗಿಸಬೇಕಾಗುತ್ತದೆ. ಕನಿಷ್ಠ ಮೂರು ವರ್ಷಗಳಿಗೊಮ್ಮೆ ರಾಜ್ಯದ ವಸತಿ ಸಂಸ್ಥೆಯವರು ಮನೆಯೊಳಗೇ ಬಂದು ಪರಿಶೀಲಿಸುತ್ತಾರೆ. ಹೊಗೆಸೂಚಕ ಕೆಟ್ಟಿದ್ದರೆ ಅದೂ ‘8823’ ಎಂಬ ನಮೂನೆಯಲ್ಲಿ ತೆರಿಗೆ ಇಲಾಖೆಗೆ ತಲುಪಬಹುದು. ಸೋಮವಾರ ಬೆಳಿಗ್ಗೆ ಅಂಥ ನಮೂನೆಯನ್ನು ತಿದ್ದುತ್ತ ಕುಳಿತಾಗ, ಹಿಂದಿನ ದಿನ ಹತ್ತಿಬಂದ ಹದಿನಾಲ್ಕು ಮಾಳಿಗೆಗಳು ಕಾಲಲ್ಲಿ ನೋಯುತ್ತಿರುತ್ತವೆ.

ಅಲ್ಲಿಯ ಊರಾಡಳಿತಗಳು ಸಾಧುಗಳೆಂದು ನಾನು ಹೇಳುತ್ತಿಲ್ಲ. ಅಗ್ಗದ ದರಕ್ಕೆ ಜಮೀನು, ಶುಲ್ಕಮಾಫಿ, ಆಸ್ತಿತೆರಿಗೆಯಲ್ಲಿ ರಿಯಾಯಿತಿ ಮುಂತಾದವುಗಳಿಂದ ಕೆಲವು ನಗರಗಳು ಇಂಥ ಯೋಜನೆಗೆ ಕೈಗೂಡಿಸಿದರೆ, ಬಡವರ ಮನೆ ನಮ್ಮ ಬೀದಿಗೆ ಬೇಡ ಎಂಬ ನೆರೆಹೊರೆಯ ಕೂಗಿಗೆ ಮಣಿದು ಬೆಂಬಲದ ಪತ್ರವನ್ನೇ ಕೊಡದ ನಗರಗಳೂ ಇವೆ. ಅರ್ಜಿಗಳ ಆಯ್ಕೆಯಲ್ಲಿ ಆ ಪತ್ರಕ್ಕೆ ಅಂಕಗಳಿರುವ ರಾಜ್ಯಗಳಲ್ಲಿ ಪತ್ರವಿಲ್ಲವೆಂದರೆ ಯೋಜನೆಯೇ ಇಲ್ಲವೆಂಬಂತಾಗುತ್ತದೆ. ಸ್ಥಳೀಯ ಒಪ್ಪಿಗೆ ಇಲ್ಲವೆಂಬ ಕಾರಣಕ್ಕೆ ಅರ್ಜಿ ತಿರಸ್ಕರಿಸಬೇಕೆಂದು ಕಾನೂನು ಹೇಳುವುದಿಲ್ಲ ಎಂದು 2016ರಲ್ಲಿ ತೆರಿಗೆ ಇಲಾಖೆಯೇ ಸ್ಪಷ್ಟಪಡಿಸಬೇಕಾಯಿತು.

ನಮ್ಮಲ್ಲಿ ನಡೆದದ್ದು ಬೇರೆ. 2008ರಲ್ಲಿ ಎಂಎಂಆರ್‌ಡಿಎ (ಮುಂಬೈ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ) ಬಾಡಿಗೆ ವಸತಿ ಯೋಜನೆ ತಂದಾಗ ಕೊಟ್ಟ ಆಮಿಷ ತೆರಿಗೆಯದಲ್ಲ, ಎಫ್‌ಎಸ್‌ಐಯದು, ಅಂದರೆ ಜಮೀನಿನ ಅಳತೆಗೆ ಎಷ್ಟು ಪಟ್ಟು ಕಟ್ಟಡ ಕಟ್ಟಬಹುದೆಂಬ ಮಿತಿಯದು: ಬಿಲ್ಡರ್ ತನ್ನ ಜಮೀನಿನಲ್ಲಿ 160 ಚದರ ಅಡಿಯ ಬಾಡಿಗೆ ಮನೆಗಳನ್ನು ಕಟ್ಟಿ ಪುಕ್ಕಟೆಯಾಗಿ ಒಪ್ಪಿಸಬೇಕು, ಪ್ರತಿಯಾಗಿ ಮಾರಾಟದ ಮನೆಗಳಿಗೆ ಎತ್ತರ ಪಡೆಯಬೇಕು. 160 ಎಂಬ ಅಂಕಿಯೂ ಹೊಸದಲ್ಲ. ನೂರು ವರ್ಷಗಳ ಹಿಂದೆ ಮುಂಬೈಯಲ್ಲಿ ಸರಕಾರ ಕಟ್ಟಿಸಿದ ಬಿಡಿಡಿ ಚಾಳುಗಳ ಖೋಲಿಯೂ ಹೆಚ್ಚುಕಡಿಮೆ ಅಷ್ಟೇ, ಮತ್ತು ಈಗ ಅಲ್ಲಿಯವರಿಗೆ 500 ಚದರ ಅಡಿಯ ಮನೆ ಕೊಡಲಾಗುತ್ತಿದೆ. ನನ್ನ ಮುಖ್ಯ ತಕರಾರು ಅಳತೆಯ ಬಗೆಗಲ್ಲ. ಎಫ್‌ಎಸ್‌ಐ ಒಂದೇ ಸಲ ಕೊಟ್ಟು ಮುಗಿಯುವ ಸಹಾಯ. ಕೀಲಿಕೈ ಒಪ್ಪಿಸಿದ ಮರುದಿನ ಬಿಲ್ಡರನಿಗೆ ಕಳೆದುಕೊಳ್ಳಲು ಏನೂ ಉಳಿದಿರುವುದಿಲ್ಲ. ಇನ್ನು ಪಾಲಿಕೆಯ ಕೈಗೆ ಬಂದದ್ದು ಕಟ್ಟಡ ಮಾತ್ರ. ಲಿಫ್ಟಿನ, ಪಂಪಿನ, ಮೆಟ್ಟಿಲ ದೀಪದ ಖರ್ಚಿಗೆ ಎರಡು ಸಾವಿರದ ಬಾಡಿಗೆ ಎಲ್ಲಿ ಸಾಲುತ್ತದೆ? ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿದ 1947ರ ಕಾಯಿದೆಯ ನೆರಳಲ್ಲಿ ಚಿಕ್ಕಮ್ಮನ ಹಳೆಯ ಕಟ್ಟಡ ಶಿಥಿಲವಾದದ್ದೂ ಇದೇ ಲೆಕ್ಕದಿಂದ. ಅಲ್ಲಿ ಮಾಲೀಕ ಕೈಬಿಟ್ಟಿದ್ದ, ಇಲ್ಲಿ ಮಾಲೀಕನ ಸ್ಥಾನದಲ್ಲಿ ಪಾಲಿಕೆ ಇದೆ.

ಕೇಂದ್ರ ಸರಕಾರ 2020ರ ಜುಲೈಯಲ್ಲಿ ತಂದ ಕೈಗೆಟುಕುವ ಬಾಡಿಗೆ ವಸತಿ ಯೋಜನೆ ಕಾಗದದ ಮೇಲೆ ಇದಕ್ಕಿಂತ ಮೇಲಾಗಿತ್ತು. ಮನೆಗಳನ್ನು 25 ವರ್ಷ ಬಾಡಿಗೆಗೇ ಇಡಬೇಕು, ಮೊದಲ ಬಾಡಿಗೆಯನ್ನು ಸ್ಥಳೀಯ ಸಮೀಕ್ಷೆಯ ಆಧಾರದ ಮೇಲೆ ನಿಗದಿಪಡಿಸಬೇಕು, ಎರಡು ವರ್ಷಗಳಿಗೊಮ್ಮೆ ಶೇಕಡಾ 8ರಷ್ಟು ಏರಿಸಬಹುದಾದರೂ ಐದು ವರ್ಷಗಳಲ್ಲಿ ಒಟ್ಟು ಏರಿಕೆ ಶೇಕಡಾ 20 ದಾಟಬಾರದು. ಕಟ್ಟುವವರಿಗೆ ಆದಾಯ ತೆರಿಗೆ ಮತ್ತು ಜಿಎಸ್‌ಟಿ ವಿನಾಯಿತಿ ಘೋಷಿಸಲಾಗಿತ್ತು. ಪಾಲಿಕೆಯ ಪಾಲಿನದು ಶೇಕಡಾ 50ರಷ್ಟು ಹೆಚ್ಚುವರಿ ಎಫ್‌ಎಸ್‌ಐ, ಮೂವತ್ತು ದಿನಗಳಲ್ಲಿ ಪರವಾನಗಿ ಮತ್ತು ವಾಸದ ಮನೆಗಳ ದರದಲ್ಲೇ ನೀರು, ಆಸ್ತಿತೆರಿಗೆ. ಇದರಲ್ಲಿ 25 ವರ್ಷ ಎಂಬ ಮಾತು ನನಗೆ ಹಿಡಿಸಿತು. ಅಷ್ಟು ವರ್ಷವೂ ಕಡತ ತೆರೆದು ನೋಡುವವರು ಬೇಕು, ತಪ್ಪಿದರೆ ಪಡೆದ ರಿಯಾಯಿತಿ ಹಿಂದಕ್ಕೆ ಹೋಗಬೇಕು; ಆ ಹಿಡಿತವಿದ್ದರೆ ಮಾತ್ರ ಲಿಫ್ಟಿನ ಫೋನಿಗೆ ಯಾರಾದರೂ ಉತ್ತರಿಸುತ್ತಾರೆ.

ಹೀಗಿದ್ದೂ ಈ ಮನೆಯನ್ನು ಬೇಡವೆನ್ನಿ ಎಂದು ನಾನು ಯಾರಿಗೂ ಹೇಳಲಾರೆ. ಇದೇ ಬೀದಿಯಲ್ಲಿ ಲೀವ್ ಅಂಡ್ ಲೈಸೆನ್ಸ್ (ನಿಗದಿತ ಅವಧಿಯ ಬಾಡಿಗೆ ಕರಾರು) ಮೇಲೆ ಒಂದು ಕೋಣೆ ಹಿಡಿಯಲು ಚಿಕ್ಕಮ್ಮನ ಪೂರ್ತಿ ಪಿಂಚಣಿಯೂ ಸಾಲದು. ನಿಮ್ಮ ಮನೆಯವರಿಗೆ ಇಂಥ ಖೋಲಿ ಹಂಚಿಕೆಯಾದರೆ ಆರನೆಯ ಮಾಳಿಗೆಗಿಂತ ಕೆಳಗೆ ಕೇಳಿ, ವಯಸ್ಸಾದವರಿದ್ದರೆ ವೈದ್ಯರ ಚೀಟಿ ಜೊತೆಗಿರಲಿ, ಪಂಪ್ ಬಿಡುವ ಹೊತ್ತನ್ನು ಒಪ್ಪಿಗೆಗೆ ಸಹಿ ಹಾಕುವ ಮೊದಲೇ ಕಾವಲುಗಾರನಿಂದ ತಿಳಿದುಕೊಳ್ಳಿ. ರಶೀದಿಯನ್ನೂ ಓದಿನೋಡಿ. ಚಿಕ್ಕಮ್ಮನ ರಶೀದಿಯಲ್ಲಿ ಹೆಸರು, ಖೋಲಿಯ ಸಂಖ್ಯೆ, ಮೊತ್ತ ಎಲ್ಲವೂ ಮರಾಠಿಯಲ್ಲಿ ಅಚ್ಚುಕಟ್ಟಾಗಿ ಮುದ್ರಿತವಾಗಿವೆ. ವಾಸದ ಅವಧಿ ಎಂಬ ಅಂಕಣವನ್ನು ಮಾತ್ರ ಹನ್ನೊಂದೂ ತಿಂಗಳು ಖಾಲಿ ಬಿಡಲಾಗಿದೆ.