0421 ಕೇಳಿದರೆ 421 ಕೂಡ ಬಂತು: ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಪ್ಲೇಸ್‌ಹೋಲ್ಡರ್‌ನ ಮೂರು ದಾರಿ

ಬ್ರಹ್ಮಾವರದ ಹತ್ತಿರ ನಮ್ಮೂರ ಹಾಲಿನ ಸೊಸೈಟಿಯ ಲೆಕ್ಕ ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸ್‌ನಲ್ಲಿ ಉಂಟು, ಬ್ರೌಸರಿನಲ್ಲಿ ಪಿಎಚ್‌ಪಿಮೈಅಡ್ಮಿನ್ ತೆರೆದು ಅದನ್ನು ನೋಡಿಕೊಳ್ಳುವವ ನಾನು. ಬಟವಾಡೆಯ ಹಿಂದಿನ ದಿನ ಸೆಕ್ರೆಟರಿ ಅಕ್ಕನ ಫೋನ್ ತಪ್ಪುವುದಿಲ್ಲ: "0421ನವರು ಎಷ್ಟು ಲೀಟರ್ ಹಾಕಿದ್ದಾರೆ, ಒಮ್ಮೆ ನೋಡಿ ಹೇಳು ಮಾರಾಯ." ಡೇಟಾಬೇಸ್‌ಗೆ ಕೇಳುವ ಪ್ರಶ್ನೆ, ಅಂದರೆ ಕ್ವೆರಿ, ಯಾವಾಗಲೂ ಅದೇ. ಬದಲಾಗುವುದು ಹಾಲು ಹಾಕುವವರ ಕೋಡ್ ಮತ್ತು ಎರಡು ತಾರೀಕು. ಅವನ್ನು ಪ್ರತಿ ಸಲ ಕೈಯಲ್ಲಿ ತಿದ್ದಿ ಸಾಕಾಗಿ, ಅವುಗಳ ಬದಲು ಪ್ಲೇಸ್‌ಹೋಲ್ಡರ್, ಅಂದರೆ ಆಮೇಲೆ ತುಂಬುವ ಖಾಲಿ ಜಾಗ, ಇಡುವ ದಾರಿ ಹುಡುಕಿದೆ.

ಮೊದಲು ಪ್ರಿಪೇರ್, ಅಂದರೆ ಕ್ವೆರಿಯನ್ನು ಮೊದಲೇ ಸಿದ್ಧ ಮಾಡಿಟ್ಟು ಆಮೇಲೆ ಓಡಿಸುವ ಮೈಎಸ್‌ಕ್ಯುಎಲ್‌ನ ಆದೇಶ. ಕ್ವೆರಿಯಲ್ಲಿ ಮೂರು ಪ್ರಶ್ನಾರ್ಥಕ ಚಿಹ್ನೆ, ಸೆಟ್ ಮಾಡಿದ ಮೂರು @ ವೇರಿಯೇಬಲ್, ಕೊನೆಗೆ ಎಕ್ಸಿಕ್ಯೂಟ್. ಕೆಲಸ ಚೊಕ್ಕ, ಕೋಟ್ ಒಳಗೆ ಇಟ್ಟ 0421 ಹಾಗೇ ಉಳಿಯುತ್ತದೆ. ಆದರೆ ಪಿಎಚ್‌ಪಿಮೈಅಡ್ಮಿನ್‌ನಲ್ಲಿ 'ಗೋ' ಒತ್ತಿದಾಗಲೆಲ್ಲ ಹೊಸ ಕನೆಕ್ಷನ್. ಬೆಳಿಗ್ಗೆ ಪ್ರಿಪೇರ್ ಮಾಡಿಟ್ಟು ಸಂಜೆ ಬರೀ ಎಕ್ಸಿಕ್ಯೂಟ್ ಅಂದರೆ ಅದಕ್ಕೆ ಎಂತದೂ ನೆನಪಿಲ್ಲ. ಎಲ್ಲ ಸಾಲೂ ಒಂದೇ ಬಾಕ್ಸಿನಲ್ಲಿ, ಒಂದೇ ಸಲ ಹೋಗಬೇಕು. ನನಗೆ ಅಡ್ಡಿಯಿಲ್ಲ, ಅಕ್ಕನಿಗೆ ಅದನ್ನು ಕಲಿಸುವ ಧೈರ್ಯ ನನಗಿಲ್ಲ.

ಎರಡನೆಯದು ಎಸ್‌ಕ್ಯುಎಲ್ ಬಾಕ್ಸಿನ ಕೆಳಗಿರುವ 'ಬೈಂಡ್ ಪ್ಯಾರಾಮೀಟರ್ಸ್'. ಕ್ವೆರಿಯಲ್ಲಿ ಕೋಲನ್ ಹಾಕಿ ಒಂದು ಹೆಸರು ಬರೆದು ಟಿಕ್ ಮಾಡಿದರೆ ಸಾಕು, ಆ ಹೆಸರಿಗೆ ಖಾಲಿ ಜಾಗ ಪಕ್ಕದಲ್ಲೇ ಬರುತ್ತದೆ. ನೋಡಲಿಕ್ಕೆ ಮೂರರಲ್ಲಿ ಇದೇ ಚೆಂದ, ನಾನೂ ಇದಕ್ಕೇ ಸೋತದ್ದು. 0421 ಹಾಕಿದೆ, ಲೀಟರ್ ಸುಮಾರು ದುಪ್ಪಟ್ಟು ಬಂತು! ಅಕ್ಕ ಫೋನಿನಲ್ಲೇ ನಕ್ಕರು: "ಅವರ ಹಟ್ಟಿಯಲ್ಲಿ ಇರುವುದೇ ಎರಡು ದನ."

ಮೇಲೆ ತೋರಿಸಿದ, ನಿಜಕ್ಕೂ ಓಡಿದ ಕ್ವೆರಿ ಓದಿದಾಗ ಗುಟ್ಟು ಸಿಕ್ಕಿತು. ಹೆಸರು ಬೈಂಡ್, ಮಾಡುವುದು ಪಠ್ಯದ ಅದಲುಬದಲು. ಕೊಟ್ಟದ್ದು ಅಂಕಿಯ ಹಾಗೆ ಕಂಡರೆ ಕೋಟ್ ಹಾಕುವುದಿಲ್ಲ, ಬೇರೆ ಏನಾದರೂ ಆದರೆ ಹಾಕುತ್ತದೆ. ನಮ್ಮ ಕೋಡ್ ಕಾಲಂ ವಾರ್‌ಚಾರ್, ಅಂದರೆ ಅಕ್ಷರದ ಕಾಲಂ. ಕೋಟ್ ಇಲ್ಲದ 0421 ಮೈಎಸ್‌ಕ್ಯುಎಲ್‌ಗೆ ಬರೀ 421. ಅಕ್ಷರದ ಕಾಲಮ್ಮನ್ನು ಅಂಕಿಗೆ ಹೋಲಿಸುವಾಗ ಅದು ಕಾಲಮ್ಮನ್ನೂ ಅಂಕಿ ಮಾಡಿಕೊಳ್ಳುತ್ತದೆ, ಬೇಗ ಹುಡುಕಲಿಕ್ಕೆ ಇಟ್ಟ ಇಂಡೆಕ್ಸ್ ಇದ್ದರೂ ಬಳಸುವುದಿಲ್ಲ. ಪಕ್ಕದ ಹಾಲು ಸಂಗ್ರಹದ ಕಟ್ಟೆ ನಮ್ಮೊಂದಿಗೆ ಸೇರಿದಾಗ ಬಂದ ಸೊನ್ನೆಯಿಲ್ಲದ 421ನವರ ಹಾಲೂ ಲೆಕ್ಕಕ್ಕೆ ಕೂತದ್ದು ಹಾಗೆ. ಎಡಕ್ಕೆ ಸೊನ್ನೆ ತುಂಬುವ ಎಲ್‌ಪ್ಯಾಡ್ ಫಂಕ್ಷನ್ ಹಾಕಿ, ಕೊಟ್ಟ ಕೋಡನ್ನು ನಾಲ್ಕಂಕಿ ಮಾಡಬಹುದಿತ್ತು. ಆಗ ಆ 421ನವರೇ ಸಿಗುವುದಿಲ್ಲ! 3-45ರಂಥ ಮನೆ ನಂಬರ್ ಹುಡುಕಲಿಕ್ಕೆ ಬೈಂಡ್ ಪ್ಯಾರಾಮೀಟರ್ಸನ್ನು ಈಗಲೂ ಬಳಸುತ್ತೇನೆ. ನಡುವೆ ಅಡ್ಡಗೆರೆ ಇರುವುದರಿಂದ ಕೋಟ್ ಸರಿಯಾಗಿ ಬೀಳುತ್ತದೆ.

ಕೊನೆಗೆ ನಿಂತದ್ದು ಪಿಎಚ್‌ಪಿಮೈಅಡ್ಮಿನ್ ಒಳಗೇ ಕ್ವೆರಿ ಉಳಿಸಿಡುವ ಬುಕ್‌ಮಾರ್ಕ್‌ನಲ್ಲಿ. ಉಳಿಸಿಡುವ ಕ್ವೆರಿಯೊಳಗೆ /* */ ಟಿಪ್ಪಣಿ ಹಾಕಿ, ಅದರಲ್ಲಿ ಚೌಕ ಆವರಣದ ವೇರಿಯೇಬಲ್1, ವೇರಿಯೇಬಲ್2 ಎಂದು ಇಂಗ್ಲಿಷಿನ ದೊಡ್ಡಕ್ಷರದಲ್ಲೇ ಬರೆಯಬೇಕು. ಟಿಪ್ಪಣಿ ಬಿಟ್ಟು ಉಳಿದ ಭಾಗವೂ ಸ್ವತಂತ್ರವಾಗಿ ಓಡುವ ಕ್ವೆರಿ ಆಗಿರಬೇಕು, ಇಲ್ಲದಿದ್ದರೆ ಉಳಿಸಲಿಕ್ಕೆ ಬಿಡುವುದಿಲ್ಲ. ಇದೂ ಪಠ್ಯದ ಅದಲುಬದಲೇ, ಆದರೆ ಕೋಟ್ ನಾನೇ ಬರೆದಿಟ್ಟದ್ದು, ಹಾಗಾಗಿ ಸೊನ್ನೆ ಬೀಳುವ ಭಯವಿಲ್ಲ. ಪಿಎಚ್‌ಪಿಮೈಅಡ್ಮಿನ್‌ನ ಸ್ವಂತ ಸಂಗ್ರಹದ ಟೇಬಲ್‌ಗಳು ಸರ್ವರ್‌ನಲ್ಲಿ ಇಲ್ಲದಿದ್ದರೆ ಮಾತ್ರ ಈ ದಾರಿ ಮುಚ್ಚಿದ ಹಾಗೆ.

ಈಗ ಅಕ್ಕ ತಾವೇ ಬುಕ್‌ಮಾರ್ಕ್ ಆರಿಸಿ ಮೂರು ಜಾಗ ತುಂಬುತ್ತಾರೆ. ಮೊದಲ ದಿನ ಸ್ವಲ್ಪ ಎಡವಟ್ಟಾಯಿತು: ಅವರು ಬರೆದದ್ದು ದಿನ-ತಿಂಗಳು-ವರ್ಷ, ಮೈಎಸ್‌ಕ್ಯುಎಲ್‌ಗೆ ಬೇಕಾದದ್ದು ವರ್ಷ ಮೊದಲು. ಮೂವತ್ತು ವರ್ಷದ ರೂಢಿ ಬದಲಿಸಿ ಎಂದು ಅವರಿಗೆ ಹೇಳುವ ಬದಲು ಬುಕ್‌ಮಾರ್ಕ್ ಒಳಗೇ ತಾರೀಕು ತಿರುಗಿಸುವ ಫಂಕ್ಷನ್ ಹಾಕಿಟ್ಟೆ.